ಸ್ಪೋರ್ಟ್ಸ್ ಕಾರಿನ ಡ್ಯಾಶ್‌ಬೋರ್ಡಿಗೆ ಹೊಸ ಟ್ಯಾಕೋಮೀಟರ್ ಅಳವಡಿಸುವ ಬಗೆ

"ಟ್ಯಾಕೋಮೀಟರ್ ತಂದಿದ್ದೇನೆ, ಹಿಂದೆ ನಾಲ್ಕು ವೈರುಗಳಿವೆ, ಯಾವುದನ್ನು ಎಲ್ಲಿಗೆ ಕೊಡಬೇಕು?" ಎಂಬ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಈ ನಾಲ್ಕರಲ್ಲಿ ಮೂರು ವೈರುಗಳ ವಿಷಯವನ್ನು ಮೂರು ಸಾಲಿನಲ್ಲಿ ಹೇಳಿ ಮುಗಿಸಬಹುದು. ನಾಲ್ಕನೆಯದು ಎಂಜಿನ್ನಿನಿಂದ ಸಿಗ್ನಲ್ ತರುವ ವೈರು. ಅದು ಎಲ್ಲಿಂದ ಬರಬೇಕೆಂಬುದು ಕಾರಿನಿಂದ ಕಾರಿಗೆ ಬದಲಾಗುತ್ತದೆ. ಮೀಟರನ್ನು ಮೊದಲು ಕೊಂಡು, ಡ್ಯಾಶ್‌ಬೋರ್ಡಿಗೆ ತೂತು ಕೊರೆದು, ಆಮೇಲೆ ಸಿಗ್ನಲ್ ಹುಡುಕಲು ಹೊರಟವರೇ ಹೆಚ್ಚಾಗಿ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ. ಆದ್ದರಿಂದ ಈ ಲೇಖನದಲ್ಲಿ ಕೆಲಸದ ಕ್ರಮವನ್ನು ತಿರುಗಿಸಿ ಇಟ್ಟಿದ್ದೇನೆ: ಮೊದಲು ಸಿಗ್ನಲ್, ನಂತರ ಮೀಟರ್, ಕೊನೆಗೆ ತೂತು.

ಮುಂದೆ ಬರುವ ಲೆಕ್ಕಗಳಿಗೆಲ್ಲ ಬುನಾದಿಯಾದ ಒಂದು ಮಾತನ್ನು ಇಲ್ಲೇ ತಿಳಿದುಕೊಳ್ಳಿ. ಟ್ಯಾಕೋಮೀಟರ್ ತೋರಿಸುವುದು ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್, ಅಂದರೆ ಅದರ ತಿರುಗುವ ಮುಖ್ಯ ದಂಡ, ಒಂದು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುದನ್ನು. ಇದನ್ನೇ ಆರ್‌ಪಿಎಂ ಎನ್ನುತ್ತೇವೆ. ಆದರೆ ಮೀಟರ್ ನೇರವಾಗಿ ಸುತ್ತುಗಳನ್ನು ಎಣಿಸುವುದಿಲ್ಲ. ಅದು ಎಣಿಸುವುದು ಪಲ್ಸುಗಳನ್ನು, ಅಂದರೆ ಪ್ರತಿ ಕಿಡಿಯ ಜೊತೆಗೆ ಹುಟ್ಟುವ ವಿದ್ಯುತ್ತಿನ ಮಿಡಿತಗಳನ್ನು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೆ ಎರಡು ಸುತ್ತಿಗೊಮ್ಮೆ ಕಿಡಿ ಬೇಕಾಗುವುದರಿಂದ, 4 ಸಿಲಿಂಡರಿನ ಎಂಜಿನ್ ಸುತ್ತೊಂದಕ್ಕೆ 2 ಪಲ್ಸ್ ಕೊಡುತ್ತದೆ, 6 ಸಿಲಿಂಡರಿನದು 3, 8 ಸಿಲಿಂಡರಿನದು 4. ಮೀಟರಿನ ಹಿಂಭಾಗದಲ್ಲಿ 4, 6, 8 ಎಂದು ಬರೆದಿರುವ ಪುಟ್ಟ ಸ್ವಿಚ್ಚು ಇರುವುದು ಈ ಭಾಗಾಕಾರಕ್ಕಾಗಿಯೇ. ಎರಡು ರೋಟರ್‌ಗಳ ರೋಟರಿ ಎಂಜಿನ್ (ಪಿಸ್ಟನ್ನಿನ ಬದಲು ತಿರುಗುವ ರೋಟರ್ ಇರುವಂಥದು) ಸುತ್ತೊಂದಕ್ಕೆ ಎರಡು ಬಾರಿ ಉರಿಯುವುದರಿಂದ ಅದಕ್ಕೆ ಸಾಮಾನ್ಯವಾಗಿ 4 ಸಿಲಿಂಡರಿನ ಸ್ಥಾನವೇ ಹೊಂದುತ್ತದೆ.

ಬೇಕಾಗುವ ಸಾಮಾನುಗಳು

ಆವರ್ತನ, ಅಂದರೆ ಹರ್ಟ್ಸ್, ಅಳೆಯಬಲ್ಲ ಮಲ್ಟಿಮೀಟರ್ ಮುಖ್ಯವಾದದ್ದು. ಅದು ಕನಿಷ್ಠ 600 ವೋಲ್ಟ್ ತಾಳುವಂತಿರಲಿ. ಇದರ ಜೊತೆಗೆ 0.75 ಅಥವಾ 1 ಚದರ ಮಿಲಿಮೀಟರಿನ ಆಟೋ ವೈರು, ವೈರಿನ ನಡುವೆ ಕೂರಿಸುವ ಫ್ಯೂಸ್ ಹೋಲ್ಡರ್, ಮೀಟರ್ ತಯಾರಕರು ಹೇಳಿದ ಆಂಪಿಯರಿನ ಫ್ಯೂಸ್ (ಹೆಚ್ಚಿನವಕ್ಕೆ 1ರಿಂದ 5 ಆಂಪಿಯರ್ ಒಳಗೆ ಇರುತ್ತದೆ), ಲಗ್ ಒತ್ತುವ ಕ್ರಿಂಪಿಂಗ್ ಇಕ್ಕಳ, ಬಿಸಿ ಮಾಡಿದರೆ ಕುಗ್ಗಿ ಜೋಡಣೆಯನ್ನು ಮುಚ್ಚುವ ಹೀಟ್ ಶ್ರಿಂಕ್ ಕೊಳವೆ, ತೂತಿನ ಅಂಚು ವೈರನ್ನು ಕೊಯ್ಯದಂತೆ ಕೂರಿಸುವ ರಬ್ಬರ್ ಗ್ರೋಮೆಟ್ ಹಾಗೂ ವೈರ್ ಕಟ್ಟುವ ಪ್ಲಾಸ್ಟಿಕ್ ಟೈಗಳನ್ನು ತಂದಿಟ್ಟುಕೊಳ್ಳಿ. ಡ್ಯಾಶ್‌ಬೋರ್ಡ್ ಕೊರೆಯುವುದಿದ್ದರೆ ದುಂಡನೆಯ ದೊಡ್ಡ ತೂತು ಕೊರೆಯುವ ಹೋಲ್ ಸಾ, ಅರ ಮತ್ತು ಗಟ್ಟಿ ರಟ್ಟು ಬೇಕು. ನಿಮ್ಮ ಕಾರಿನ ವೈರಿಂಗ್ ನಕ್ಷೆಯನ್ನು ಒಳಗೊಂಡ ಕೈಪಿಡಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಬಣ್ಣ ನೋಡಿ ವೈರು ಊಹಿಸುವ ಅಭ್ಯಾಸ ಹಳೆಯ ಕಾರುಗಳಲ್ಲೇ ಅಪಾಯಕಾರಿ, ಹೊಸ ಕಾರುಗಳಲ್ಲಿ ದುಬಾರಿಯೂ ಹೌದು.

ಹಂತ 1: ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದು ನಿರ್ಧರಿಸಿ

ಬಾನೆಟ್ ತೆರೆದು ನಿಮ್ಮ ಕಾರಿನ ಇಗ್ನಿಷನ್ ವ್ಯವಸ್ಥೆ ಯಾವ ಬಗೆಯದು ಎಂದು ಗುರುತಿಸಿ.

ಒಂದೇ ಇಗ್ನಿಷನ್ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಸುರುಳಿ) ಮತ್ತು ಡಿಸ್ಟ್ರಿಬ್ಯೂಟರ್ (ಅದನ್ನು ಒಂದೊಂದೇ ಪ್ಲಗ್ಗಿಗೆ ಹಂಚುವ ಭಾಗ) ಇರುವ ಹಳೆಯ ಕಾರಾದರೆ ನಿಮ್ಮ ಕೆಲಸ ಸುಲಭ. ಕಾಯಿಲಿನ ಮೈನಸ್ ತುದಿಯಿಂದ, ಅಂದರೆ ಡಿಸ್ಟ್ರಿಬ್ಯೂಟರಿನ ಪಾಯಿಂಟಿಗೆ (ಕಾಯಿಲಿನ ವಿದ್ಯುತ್ತನ್ನು ತೆರೆದು ಮುಚ್ಚುವ ಸ್ವಿಚ್ಚಿಗೆ) ಅಥವಾ ಇಲೆಕ್ಟ್ರಾನಿಕ್ ಮಾಡ್ಯೂಲಿಗೆ ಹೋಗುವ ತುದಿಯಿಂದ, ಸಿಗ್ನಲ್ ತೆಗೆದುಕೊಳ್ಳಬೇಕು. ಪ್ಲಸ್ ತುದಿಗೆ ಕೊಟ್ಟರೆ ಮುಳ್ಳು ಅಲುಗುವುದಿಲ್ಲ, ಏಕೆಂದರೆ ಅಲ್ಲಿರುವುದು ಮಿಡಿತವಿಲ್ಲದ ನಿಂತ ವಿದ್ಯುತ್ತು. ಮೈನಸ್ ತುದಿಯಲ್ಲಿ 12 ವೋಲ್ಟ್ ಮಾತ್ರ ಇರುತ್ತದೆ ಎಂದು ಭಾವಿಸಬೇಡಿ. ಪಾಯಿಂಟ್ ತೆರೆದ ಕ್ಷಣದಲ್ಲಿ ಅಲ್ಲಿ 200ರಿಂದ 400 ವೋಲ್ಟಿನವರೆಗೆ ಚಿಮ್ಮುತ್ತದೆ. ಎಂಜಿನ್ ಓಡುತ್ತಿರುವಾಗ ಬರಿಗೈಯಲ್ಲಿ ಅದನ್ನು ಮುಟ್ಟಬಾರದು.

ಸಿಡಿಐ ಪೆಟ್ಟಿಗೆ ಹಾಕಿಸಿದ ಕಾರುಗಳ ಮಾತು ಬೇರೆ. ಸಿಡಿಐ ಎಂದರೆ ಕೆಪಾಸಿಟರಿನಲ್ಲಿ ಕೂಡಿಟ್ಟ ವಿದ್ಯುತ್ತನ್ನು ಒಮ್ಮೆಲೇ ಕಾಯಿಲಿಗೆ ಸುರಿಯುವ ವ್ಯವಸ್ಥೆ. ಅಲ್ಲಿ ಕಾಯಿಲಿನ ತುದಿಗೆ ಮೀಟರನ್ನು ಎಂದೂ ಜೋಡಿಸಬೇಡಿ, ಮೀಟರ್ ಸುಟ್ಟುಹೋಗುವ ಸಂಭವವೇ ಹೆಚ್ಚು. ಆ ಪೆಟ್ಟಿಗೆಯಲ್ಲೇ ಟ್ಯಾಕೋಮೀಟರಿಗೆಂದು ಪ್ರತ್ಯೇಕ ತುದಿ ಇರುತ್ತದೆ, ಅದನ್ನೇ ಬಳಸಬೇಕು.

ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್, ಇರುವ ಕಾರುಗಳಲ್ಲಿ ಹಲವಕ್ಕೆ ಮೀಟರಿಗೆ ಹೋಗುವ ಪ್ರತ್ಯೇಕ ಸಿಗ್ನಲ್ ವೈರು ಇರುತ್ತದೆ. ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5 ಕಾರಿನಲ್ಲಿ ಬಾನೆಟ್ಟಿನಡಿ ಇರುವ ಡಯಾಗ್ನೊಸಿಸ್ ಪೆಟ್ಟಿಗೆಯ "ಐಜಿ ಮೈನಸ್" ಎಂಬ ತುದಿಯಲ್ಲೇ ಈ ಸಿಗ್ನಲ್ ಸಿಗುತ್ತದೆ. ಇಸಿಯುವಿನಿಂದ ಬರುವ ಸಿಗ್ನಲ್ 5 ಅಥವಾ 12 ವೋಲ್ಟಿನ ಸೌಮ್ಯ ಮಿಡಿತವಾದ್ದರಿಂದ, ಕಾಯಿಲಿನ ದೊಡ್ಡ ಏಟಿಗೆಂದೇ ಮಾಡಿದ ಹಳೆಯ ಮೀಟರಿಗೆ ಅದು ಸಾಲದಿರಬಹುದು. ಇನ್ನು ಕೆಲವು ಇಸಿಯುಗಳು, ಅದರಲ್ಲೂ ರೇಸಿಗೆಂದು ಹಾಕಿಸುವಂಥವು, ಸ್ವತಃ ವೋಲ್ಟೇಜ್ ಕೊಡದೆ ವೈರನ್ನು ಆಗಾಗ ಅರ್ಥ್‌ಗೆ, ಅಂದರೆ ಬ್ಯಾಟರಿಯ ಒಂದು ತುದಿ ಸೇರಿರುವ ಕಾರಿನ ಲೋಹದ ಬಾಡಿಗೆ, ಎಳೆಯುವ ಕೆಲಸ ಮಾತ್ರ ಮಾಡುತ್ತವೆ. ಅಂಥ ಕಡೆ ಸಿಗ್ನಲ್ ವೈರು ಮತ್ತು 12 ವೋಲ್ಟಿನ ನಡುವೆ ಒಂದು ರೆಸಿಸ್ಟರ್ ಹಾಕಬೇಕಾಗುತ್ತದೆ. ಇದನ್ನು ಪುಲ್-ಅಪ್ ರೆಸಿಸ್ಟರ್ ಎನ್ನುತ್ತಾರೆ. ಸಾಮಾನ್ಯವಾಗಿ 1ರಿಂದ 10 ಕಿಲೋ ಓಮ್‌ಗಳ ನಡುವಿನದು ಸಾಕಾಗುತ್ತದೆಯಾದರೂ ಇಸಿಯುವಿನ ಕೈಪಿಡಿ ಹೇಳಿದ ಅಳತೆಯೇ ಅಂತಿಮ.

ಪ್ರತಿ ಪ್ಲಗ್ಗಿನ ತಲೆಯ ಮೇಲೆ ಒಂದೊಂದು ಕಾಯಿಲ್ ಕುಳಿತಿರುವ ಎಂಜಿನ್ನಿನಲ್ಲಿ ಯಾವುದೋ ಒಂದು ಕಾಯಿಲಿಗೆ ವೈರು ಸಿಕ್ಕಿಸಿದರೆ ಎರಡು ಸುತ್ತಿಗೆ ಒಂದೇ ಪಲ್ಸ್ ಸಿಗುತ್ತದೆ. 4 ಸಿಲಿಂಡರಿನ ಲೆಕ್ಕಕ್ಕೆ ಇಟ್ಟ ಮೀಟರ್ ಆಗ ನಿಜದ ಕಾಲು ಭಾಗವನ್ನಷ್ಟೇ ತೋರಿಸುತ್ತದೆ. ಎರಡು ಪ್ಲಗ್ಗುಗಳಿಗೆ ಒಂದು ಕಾಯಿಲ್ ಹಂಚಿಕೊಂಡಿರುವ, ಪ್ರತಿ ಸುತ್ತಿಗೂ ಕಿಡಿ ಹಾರಿಸುವ ವ್ಯವಸ್ಥೆಯಲ್ಲಿ ಸುತ್ತಿಗೆ ಒಂದು ಪಲ್ಸ್, ಅಂದರೆ ನಿಜದ ಅರ್ಧ. ಮೀಟರಿನಲ್ಲಿ 1 ಅಥವಾ 2 ಸಿಲಿಂಡರಿನ ಸ್ಥಾನವಿದ್ದರೆ ಸಮಸ್ಯೆಯಿಲ್ಲ. ಇಲ್ಲದಿದ್ದರೆ ಎಲ್ಲ ಕಾಯಿಲ್‌ಗಳ ಮಿಡಿತವನ್ನು ಕೂಡಿಸಿ ಕೊಡುವ ಟ್ಯಾಕ್ ಅಡಾಪ್ಟರ್ ಬೇಕಾಗುತ್ತದೆ. ಕಾಯಿಲ್‌ಗಳ ವೈರುಗಳನ್ನು ನೀವೇ ಒಟ್ಟುಗೂಡಿಸಿ ಗಂಟು ಹಾಕುವ ಸಾಹಸ ಮಾತ್ರ ಬೇಡ, ಎಂಜಿನ್ ಕೆಡುತ್ತದೆ.

ಇತ್ತೀಚಿನ ಕಾರುಗಳಲ್ಲಿ ಇಸಿಯುವಿಗೂ ಡ್ಯಾಶ್‌ಬೋರ್ಡಿಗೂ ನಡುವಿನ ಮಾತುಕತೆಯೆಲ್ಲ ಕ್ಯಾನ್ ಬಸ್ ಎಂಬ ಒಂದು ಜೋಡಿ ವೈರುಗಳಲ್ಲಿ ನಡೆಯುತ್ತದೆ. ಅಲ್ಲಿ ಟ್ಯಾಕೋಮೀಟರಿನ ವೈರು ಎಂಬುದೇ ಇರುವುದಿಲ್ಲ. ಆ ಜೋಡಿಯನ್ನು ಕತ್ತರಿಸಿ ಮೀಟರ್ ಸಿಕ್ಕಿಸಿದರೆ ಬ್ರೇಕಿನ ಎಬಿಎಸ್‌ವರೆಗೆ ಎಲ್ಲವೂ ಗೊಂದಲಕ್ಕೀಡಾಗಬಹುದು. ಇಂಥ ಕಾರಿಗೆ ಒಬಿಡಿ ಪೋರ್ಟಿನಿಂದ, ಅಂದರೆ ದೋಷ ಪತ್ತೆಯ ಉಪಕರಣ ಚುಚ್ಚುವ ಜಾಗದಿಂದ, ಮಾಹಿತಿ ಓದುವ ಮೀಟರನ್ನೇ ಕೊಳ್ಳಿ.

ಇಲ್ಲಿಯೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಮಲ್ಟಿಮೀಟರನ್ನು ಹರ್ಟ್ಸ್ ಸ್ಥಾನಕ್ಕಿಟ್ಟು, ಕಪ್ಪು ಕಡ್ಡಿಯನ್ನು ಅರ್ಥ್‌ಗೂ ಕೆಂಪು ಕಡ್ಡಿಯನ್ನು ನೀವು ಆರಿಸಿದ ಸಿಗ್ನಲ್ ತುದಿಗೂ ಹಿಡಿದು, ಎಂಜಿನ್ ಚಾಲೂ ಮಾಡಿ. 4 ಸಿಲಿಂಡರಿನ ಎಂಜಿನ್ ಐಡ್ಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಸುಮ್ಮನೆ ಓಡುವಾಗ, 800 ಆರ್‌ಪಿಎಂ ಓಡುತ್ತಿದ್ದರೆ ಸುಮಾರು 27 ಹರ್ಟ್ಸ್ ಕಾಣಬೇಕು. ಕಂಡ ಸಂಖ್ಯೆಯನ್ನು 4 ಸಿಲಿಂಡರಿಗೆ 30ರಿಂದ, 6ಕ್ಕೆ 20ರಿಂದ, 8ಕ್ಕೆ 15ರಿಂದ ಗುಣಿಸಿದರೆ ಆರ್‌ಪಿಎಂ ಸಿಗುತ್ತದೆ. ಆಕ್ಸಿಲರೇಟರ್ ಒತ್ತಿದಂತೆ ಸಂಖ್ಯೆ ಏರಿ, ಬಿಟ್ಟಾಗ ಇಳಿದರೆ ಸಿಗ್ನಲ್ ಸಿಕ್ಕಿತೆಂದೇ ಅರ್ಥ. ಇಸಿಯುವಿನ ವೈರುಗಳ ಮೇಲೆ ಬಲ್ಬ್ ಇರುವ ಹಳೆಯ ಟೆಸ್ಟ್ ಲ್ಯಾಂಪ್ ಬಳಸಬೇಡಿ. ಅದು ಎಳೆಯುವ ಕರೆಂಟಿಗೆ ಇಸಿಯುವಿನ ಒಳಗಿನ ಭಾಗಗಳು ಹಾಳಾದಾವು.

ಹಂತ 2: ಹೊಂದುವ ಮೀಟರನ್ನು ಆರಿಸಿ

ಸಿಗ್ನಲ್ ಯಾವ ಬಗೆಯದೆಂದು ತಿಳಿದ ಮೇಲೆ ಮೀಟರಿನ ಆಯ್ಕೆ ತಾನಾಗಿಯೇ ಕಿರಿದಾಗುತ್ತದೆ. ಉಳಿದಿರುವುದು ಗಾತ್ರ ಮತ್ತು ಮಿತಿ. 52 ಮಿಲಿಮೀಟರಿನ ಪುಟ್ಟ ಮೀಟರ್ ನೋಡಲು ಚೆನ್ನಾಗಿದ್ದರೂ ಓಡಿಸುವಾಗ ಅರೆಕ್ಷಣದಲ್ಲಿ ಓದಿಕೊಳ್ಳಲು 80 ಮಿಲಿಮೀಟರಿಗಿಂತ ದೊಡ್ಡ ಮುಖವೇ ಮೇಲು ಎಂಬುದು ನನ್ನ ಅಭಿಪ್ರಾಯ. ಮಿತಿಯ ವಿಷಯದಲ್ಲಿ ದೊಡ್ಡದೇ ಒಳ್ಳೆಯದೆಂಬ ಭ್ರಮೆ ಬೇಡ. ನಿಮ್ಮ ಎಂಜಿನ್ನಿನ ರೆಡ್‌ಲೈನ್, ಅಂದರೆ ದಾಟಬಾರದ ವೇಗದ ಮಿತಿ, 6,500 ಆಗಿದ್ದರೆ 8,000ದವರೆಗಿನ ಮೀಟರ್ ಸಾಕು; 11,000ದವರೆಗಿನದನ್ನು ಹಾಕಿದರೆ ಮುಖದ ಸುಮಾರು ಐದರಲ್ಲಿ ಎರಡು ಪಾಲು ಜಾಗ ಎಂದೂ ಬಳಕೆಗೆ ಬರುವುದಿಲ್ಲ, ಬಳಕೆಗೆ ಬರುವ ಭಾಗದಲ್ಲಿ ಗೆರೆಗಳು ಒತ್ತೊತ್ತಾಗಿರುತ್ತವೆ.

ಹಳೆಯ ಬ್ರಿಟಿಷ್ ಕಾರಿನವರು ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಅವುಗಳಲ್ಲಿ ಕೆಲವು ಪಾಸಿಟಿವ್ ಅರ್ಥ್ ಕಾರುಗಳು. ಅಂದರೆ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಸೇರಿರುತ್ತದೆ. 1967ಕ್ಕಿಂತ ಹಿಂದಿನ ಎಂಜಿಬಿ ಸ್ಪೋರ್ಟ್ಸ್ ಕಾರು ಇದಕ್ಕೆ ಉದಾಹರಣೆ. ಇಂದಿನ ಮೀಟರ್‌ಗಳು ಸಾಮಾನ್ಯವಾಗಿ ನೆಗೆಟಿವ್ ಅರ್ಥ್‌ಗೆಂದೇ ಮಾಡಿದವಾದ್ದರಿಂದ ಅವನ್ನು ಹಾಗೆಯೇ ಜೋಡಿಸಿದರೆ ಕೂಡಲೇ ಸುಡುತ್ತವೆ. ಎರಡನೆಯದು, ಮುಖದ ಮೇಲೆ ಆರ್‌ವಿಐ ಎಂದು ಮುದ್ರಿತವಾದ ಸ್ಮಿತ್ಸ್ ಮೀಟರ್‌ಗಳು ಕಾಯಿಲಿನ ಮೈನಸ್ ತುದಿಯನ್ನು ಓದುವುದಿಲ್ಲ; ಕಾಯಿಲಿಗೆ ಹೋಗುವ ವಿದ್ಯುತ್ತೇ ಮೀಟರಿನ ಬೆನ್ನ ಮೇಲಿನ ಸುರುಳಿಯ ಮೂಲಕ ಹಾದುಹೋಗುತ್ತದೆ. ಅಂಥ ಹಳೆಯ ಮೀಟರನ್ನು ಕಳಚುವಾಗ ಆ ಸುರುಳಿಯ ವೈರನ್ನು ಕತ್ತರಿಸಿ ಹಾಗೇ ಬಿಟ್ಟರೆ ಕಾಯಿಲಿಗೆ ವಿದ್ಯುತ್ತೇ ತಲುಪುವುದಿಲ್ಲ, ಕಾರು ಚಾಲೂ ಆಗುವುದಿಲ್ಲ. ಆ ಎರಡು ತುದಿಗಳನ್ನು ಭದ್ರವಾಗಿ ಸೇರಿಸಿ ಮುಚ್ಚಬೇಕು.

ಹಂತ 3: ಬ್ಯಾಟರಿ ಬಿಡಿಸಿ

ಬ್ಯಾಟರಿಯ ಅರ್ಥ್ ಕೇಬಲನ್ನು ಮೊದಲು ಬಿಚ್ಚಿ. ಮೊದಲು ಇನ್ನೊಂದು ತುದಿಗೆ ಸ್ಪ್ಯಾನರ್ ಹಾಕಿದರೆ ಅದು ಬಾಡಿಗೆ ತಗುಲಿದ ಕ್ಷಣ ಶಾರ್ಟ್ ಆಗುತ್ತದೆ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಬ್ಯಾಟರಿ ಬಿಚ್ಚಿದ ಮೇಲೂ ಕೈಪಿಡಿ ಹೇಳಿದಷ್ಟು ನಿಮಿಷ ಕಾಯಬೇಕು, ಏಕೆಂದರೆ ಅದರ ಘಟಕದಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ. ಡ್ಯಾಶ್‌ಬೋರ್ಡಿನಡಿ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಸೇರಿದ್ದು. ಅದರ ತಂಟೆಗೆ ಹೋಗಬೇಡಿ. ಕೆಲವು ಹಳೆಯ ಕಾರ್ ರೇಡಿಯೊಗಳು ಬ್ಯಾಟರಿ ತೆಗೆದರೆ ಕೋಡ್ ಕೇಳುತ್ತವೆ, ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಹಂತ 4: ಜಾಗ ಗೊತ್ತುಮಾಡಿ

ಸೀಟಿನಲ್ಲಿ ಎಂದಿನಂತೆ ಕುಳಿತು, ಬೆಲ್ಟ್ ಹಾಕಿ, ಸ್ಟೀರಿಂಗ್ ಹಿಡಿದುಕೊಳ್ಳಿ. ರಟ್ಟಿನಲ್ಲಿ ಮೀಟರಿನ ಗಾತ್ರದ ಬಿಲ್ಲೆ ಕತ್ತರಿಸಿ, ನೀವು ಯೋಚಿಸಿದ ಜಾಗದಲ್ಲಿ ಟೇಪಿನಿಂದ ಅಂಟಿಸಿ, ಸ್ಟೀರಿಂಗನ್ನು ಎರಡೂ ಕಡೆ ತಿರುಗಿಸಿ ನೋಡಿ. ಅದರ ಕಡ್ಡಿಗಳು ಮರೆ ಮಾಡಬಾರದು, ಮೀಟರ್ ರಸ್ತೆಯನ್ನು ಮರೆ ಮಾಡಬಾರದು, ಏರ್‌ಬ್ಯಾಗ್ ತೆರೆದುಕೊಳ್ಳುವ ದಾರಿಯಲ್ಲೂ ಅದು ಇರಬಾರದು. ಬ್ಯಾಟರಿ ಬಿಡಿಸುವ ಮೊದಲೇ ಎರಡು ದಿನ ಆ ಬಿಲ್ಲೆಯೊಂದಿಗೇ ಕಾರು ಓಡಿಸಿ ಎಂದರೆ ಕೆಲವರು ನಗುತ್ತಾರೆ. ಆದರೆ ರಟ್ಟನ್ನು ಕಿತ್ತು ಬೇರೆ ಕಡೆ ಅಂಟಿಸಬಹುದು, ಡ್ಯಾಶ್‌ಬೋರ್ಡಿನ ತೂತನ್ನು ಹಾಗೆ ಎತ್ತಿಡಲಾಗದು.

ಕೊರೆಯುವ ಮೊದಲು ಡ್ಯಾಶ್‌ಬೋರ್ಡಿನ ಹಿಂದೆ ಕೈಯಾಡಿಸಿ. ಹೀಟರಿನ ಕೊಳವೆ, ವೈಪರಿನ ಕಡ್ಡಿ, ವೈರಿನ ಕಂತೆ ಇವೆಲ್ಲ ಅಲ್ಲಿಯೇ ಇರುತ್ತವೆ. ಮೀಟರಿನ ಆಳದ ಜೊತೆಗೆ ವೈರು ಬಾಗಲು ಕನಿಷ್ಠ ಎರಡು ಬೆರಳಿನಷ್ಟು ಜಾಗ ಹೆಚ್ಚಿಗೆ ಬೇಕು. ತೂತಿನ ಅಳತೆಯನ್ನು ಮುಂದಿನ ಉಂಗುರದಿಂದಲ್ಲ, ಅದರ ಹಿಂದಿನ ಡಬ್ಬಿಯಿಂದ ತೆಗೆದುಕೊಳ್ಳಿ. ಉಂಗುರದ ಅಳತೆಗೆ ಕೊರೆದವರಿಗೆ ಮೀಟರ್ ತೂತಿನೊಳಗಿಂದ ಜಾರಿ ಹಿಂದಕ್ಕೆ ಬಿದ್ದದ್ದುಂಟು. ಕೊರೆಯುವಲ್ಲಿ ಟೇಪ್ ಅಂಟಿಸಿ, ಅದರ ಮೇಲೆ ಗುರುತು ಹಾಕಿ, ನಡುವೆ ಸಣ್ಣ ತೂತು ಮಾಡಿ, ಆಮೇಲೆ ಹೋಲ್ ಸಾ ಹಿಡಿಯಿರಿ. ತೂತು ಒಂದು ಮಿಲಿಮೀಟರ್ ಚಿಕ್ಕದಾದರೆ ಅರದಿಂದ ಉಜ್ಜಿ ಸರಿಮಾಡಬಹುದು. ತಗಡಿನ ಡ್ಯಾಶ್‌ಬೋರ್ಡಾದರೆ ಅಂಚಿನ ಮುಳ್ಳುಗಳನ್ನೆಲ್ಲ ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ನಾಳೆ ಅವೇ ವೈರನ್ನು ಕೊಯ್ಯುತ್ತವೆ.

ಹಂತ 5: ವೈರು ಎಳೆಯುವುದು

ಅನೇಕ ಮೀಟರ್‌ಗಳಲ್ಲಿ ಕೆಂಪು ಪವರಿಗೆ, ಕಪ್ಪು ಅರ್ಥ್‌ಗೆ, ಹಸಿರು ಸಿಗ್ನಲಿಗೆ, ಬಿಳಿ ದೀಪಕ್ಕೆ. ಎಲ್ಲ ತಯಾರಕರೂ ಇದನ್ನು ಪಾಲಿಸುವುದಿಲ್ಲ, ಆದ್ದರಿಂದ ಪೆಟ್ಟಿಗೆಯೊಳಗಿನ ಚೀಟಿಯನ್ನೇ ನಂಬಿ.

ಪವರ್ ವೈರಿಗೆ ಕೀಲಿ ತಿರುಗಿಸಿದಾಗ ಮಾತ್ರ 12 ವೋಲ್ಟ್ ಬರಬೇಕು. ರೇಡಿಯೊಗೆ ಹೋಗುವ ಆಕ್ಸೆಸರಿ ವೈರಿನಿಂದ ಅದನ್ನು ತೆಗೆದುಕೊಂಡರೆ ಸ್ಟಾರ್ಟರ್ ತಿರುಗುವಾಗ ಮೀಟರ್ ಒಮ್ಮೆ ಸತ್ತು ಹುಟ್ಟುತ್ತದೆ, ಏಕೆಂದರೆ ಹೆಚ್ಚಿನ ಕಾರುಗಳಲ್ಲಿ ಆ ಹೊತ್ತಿಗೆ ಆಕ್ಸೆಸರಿ ಕಡಿತವಾಗುತ್ತದೆ. ಇಗ್ನಿಷನ್ ಚಾಲೂ ಇರುವಾಗಲೂ ಸ್ಟಾರ್ಟ್ ಮಾಡುವಾಗಲೂ ವಿದ್ಯುತ್ತಿರುವ ವೈರನ್ನು ಹುಡುಕಿ, ಅದು ಹೊರಡುವ ಜಾಗದ ಹತ್ತಿರವೇ ಫ್ಯೂಸ್ ಹಾಕಿ. ಫ್ಯೂಸನ್ನು ಮೀಟರಿನ ಪಕ್ಕದಲ್ಲಿಟ್ಟರೆ ನಡುವಿನ ಉದ್ದ ವೈರಿಗೆ ರಕ್ಷಣೆ ಇರುವುದಿಲ್ಲ.

ಅರ್ಥ್ ವೈರನ್ನು ಬಣ್ಣ ಕೆರೆದ ಬರಿಯ ಲೋಹಕ್ಕೆ ಬೋಲ್ಟ್ ಹಾಕಿ ಬಿಗಿಯಿರಿ. ಪ್ಲಾಸ್ಟಿಕ್ ಡ್ಯಾಶ್‌ಬೋರ್ಡಿನೊಳಗಿನ ಯಾವುದೋ ಸ್ಕ್ರೂವಿಗೆ ಸಿಕ್ಕಿಸಿದ ಅರ್ಥ್, ಮುಳ್ಳು ಕುಣಿಯುವುದಕ್ಕೆ ಬಹು ಸಾಮಾನ್ಯವಾದ ಕಾರಣ.

ದೀಪದ ವೈರನ್ನು ಪಾರ್ಕಿಂಗ್ ಲೈಟ್ ಹಾಕಿದಾಗ ಉರಿಯುವ ಡ್ಯಾಶ್‌ಬೋರ್ಡ್ ದೀಪದ ವೈರಿಗೆ ಸೇರಿಸಿ. ಹಳೆಯ ಕಾರಿನ ಡಿಮ್ಮರ್ ಬಲ್ಬಿಗೆಂದು ಮಾಡಿದ್ದಾದ್ದರಿಂದ ಎಲ್ಇಡಿ ದೀಪದ ಮೀಟರ್ ಅದರಿಂದ ಸರಿಯಾಗಿ ಮಂದವಾಗದಿರಬಹುದು. ಅದು ದೋಷವಲ್ಲ.

ಈಗ ಸಿಗ್ನಲ್ ವೈರು. ಬಾನೆಟ್ಟಿನ ಕಡೆಯಿಂದ ಕಾರಿನೊಳಗೆ ಬರಲು ಫೈರ್‌ವಾಲಿನ, ಅಂದರೆ ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆಯ, ತೂತಿನಲ್ಲಿ ರಬ್ಬರ್ ಗ್ರೋಮೆಟ್ ಇರಲೇಬೇಕು. ವೈರನ್ನು ಪ್ಲಗ್ ಕೇಬಲ್‌ಗಳಿಂದ ದೂರ ಒಯ್ಯಿರಿ. ಪಕ್ಕಪಕ್ಕದಲ್ಲಿ ಓಡಿದರೆ ಅವುಗಳ ಮಿಡಿತವೂ ಇದರೊಳಗೆ ನುಸುಳಿ ಮುಳ್ಳು ಸುಮ್ಮಸುಮ್ಮನೆ ಜಿಗಿಯುತ್ತದೆ. ಎಕ್ಸಾಸ್ಟ್ ಕೊಳವೆ, ಬೆಲ್ಟ್, ಪೆಡಲ್‌ಗಳ ಚಲನೆಯ ದಾರಿ ಇವುಗಳಿಂದಲೂ ದೂರವಿರಲಿ.

ಕಾಯಿಲಿನ ಮೈನಸ್ ತುದಿಯಿಂದ ಬರುವ ವೈರಿನ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಈ ವೈರಿನ ಹೊದಿಕೆ ಸವೆದು ತಾಮ್ರ ಬಾಡಿಗೆ ತಗುಲಿದರೆ ಕೆಡುವುದು ಮೀಟರ್ ಮಾತ್ರವಲ್ಲ. ಕಾಯಿಲಿನ ಮೈನಸ್ ತುದಿ ಶಾಶ್ವತವಾಗಿ ಅರ್ಥ್ ಆದಂತಾಗಿ ಕಿಡಿ ನಿಂತು, ಓಡುತ್ತಿರುವ ಎಂಜಿನ್ ಒಮ್ಮೆಲೇ ಆರುತ್ತದೆ. ನಾನೇ ಮೊದಲ ಸಲ ಕೂರಿಸಿದ ಮೀಟರಿನಲ್ಲಿ ಹೀಗಾಗಿತ್ತು: ಸ್ಟೀರಿಂಗ್ ಕಾಲಮಿನ ಬ್ರಾಕೆಟ್ಟಿಗೆ ವೈರು ಉಜ್ಜುತ್ತಿತ್ತು, ಎಡಕ್ಕೆ ಪೂರ್ತಿ ತಿರುಗಿಸಿದಾಗ ಮಾತ್ರ ಎಂಜಿನ್ ಆರುತ್ತಿತ್ತು. ಕಾರ್ಬ್ಯುರೇಟರನ್ನು ಎರಡು ಬಾರಿ ಬಿಚ್ಚಿದ ಮೇಲೆ ಅಕ್ಕಿಕಾಳಿನಷ್ಟು ಹೊಳೆಯುವ ತಾಮ್ರ ಕಣ್ಣಿಗೆ ಬಿತ್ತು. ಆದ್ದರಿಂದ ಈ ವೈರಿಗೆ ಉದ್ದಕ್ಕೂ ಕೊಳವೆ ತೊಡಿಸಿ, ಪ್ರತಿ ಗೇಣಿಗೊಂದು ಟೈ ಹಾಕಿ.

ಜೋಡಣೆಗಳನ್ನೆಲ್ಲ ಕ್ರಿಂಪ್ ಮಾಡಿ ಹೀಟ್ ಶ್ರಿಂಕ್ ಹಾಕಿ. ವೈರನ್ನು ಕತ್ತರಿಸದೆ ಮೇಲಿಂದ ಒತ್ತಿ ಚುಚ್ಚುವ ಕ್ಲಿಪ್‌ಗಳು ಸುಲಭವೆನಿಸಿದರೂ ಅದುರಾಟಕ್ಕೆ ಸಡಿಲವಾಗುತ್ತವೆ. ಎಂಜಿನ್ ಕಡೆಯಲ್ಲಂತೂ ಅವನ್ನು ಬಳಸಲೇಬೇಡಿ. ಬರಿಯ ಇನ್ಸುಲೇಷನ್ ಟೇಪ್ ಬಿಸಿಗೆ ಕರಗಿ ಬಿಚ್ಚಿಕೊಳ್ಳುತ್ತದೆ.

ಹಂತ 6: ಸಿಲಿಂಡರ್ ಸ್ವಿಚ್ಚು ಮತ್ತು ಕೂರಿಸುವುದು

ಮೀಟರನ್ನು ತೂತಿನೊಳಗೆ ಇಳಿಸುವ ಮುನ್ನ ಹಿಂದಿನ ಸ್ವಿಚ್ಚನ್ನು ಸರಿಯಾದ ಸಿಲಿಂಡರ್ ಸಂಖ್ಯೆಗೆ ಇಡಿ. ಮರೆತರೆ ಎಲ್ಲವನ್ನೂ ಮತ್ತೆ ಹೊರಗೆಳೆಯಬೇಕು. 4 ಸಿಲಿಂಡರಿನ ಎಂಜಿನ್ನಿಗೆ 8ರ ಸ್ಥಾನವಿದ್ದರೆ ಅರ್ಧವೇ ತೋರಿಸುವುದರಿಂದ ತಪ್ಪು ಬೇಗ ಹೊಳೆಯುತ್ತದೆ. ಮೋಸ ಮಾಡುವುದು 6ರ ಸ್ಥಾನ: ನಿಜವಾದ 3,000ಕ್ಕೆ ಅದು 2,000 ತೋರಿಸುತ್ತದೆ, 900ರ ಐಡ್ಲಿಂಗಿಗೆ 600. ಐಡ್ಲಿಂಗ್ ಸ್ವಲ್ಪ ಕಡಿಮೆಯಿದೆ ಎಂದುಕೊಂಡು ಸುಮ್ಮನಾದರೆ, ಮುಳ್ಳು 4,500ರಲ್ಲಿದೆ ಎಂದು ನೀವು ನಿರಾಳವಾಗಿರುವಾಗ ಎಂಜಿನ್ 6,750ರಲ್ಲಿ ಓಡುತ್ತಿರುತ್ತದೆ.

ಮೀಟರನ್ನು ಹಿಡಿದಿಡುವ ಯು ಆಕಾರದ ಬ್ರಾಕೆಟ್ಟಿನ ನಟ್ಟುಗಳನ್ನು ಕೈಯಿಂದಲೇ ಬಿಗಿಯಿರಿ. ಇಕ್ಕಳ ಹಾಕಿದರೆ ಸ್ಟಡ್ಡು ಮೀಟರಿನೊಳಗೇ ಮುರಿಯುತ್ತದೆ. ಪೂರ್ತಿ ಬಿಗಿಯುವ ಮುನ್ನ ಒಂದು ಆಯ್ಕೆ ನಿಮಗಿದೆ: ರೇಸ್ ಕಾರುಗಳಲ್ಲಿ ಹಲವರು ಮೀಟರನ್ನೇ ತಿರುಗಿಸಿ, ರೆಡ್‌ಲೈನ್ ಬಂದಾಗ ಮುಳ್ಳು ನೆಟ್ಟಗೆ ಮೇಲಕ್ಕೆ ನಿಲ್ಲುವಂತೆ ಕೂರಿಸುತ್ತಾರೆ. ಅಂಕಿ ಓದಬೇಕಿಲ್ಲ, ಮುಳ್ಳು ನಿಂತ ಭಂಗಿಯೇ ಓರೆಗಣ್ಣಿಗೆ ತಿಳಿಯುತ್ತದೆ. ಅಂಕಿಗಳು ಓರೆಯಾಗಿ ಕಾಣುವುದು ಮೊದಲ ದಿನ ಕಿರಿಕಿರಿಯೆನಿಸಿದರೂ ಬೇಗ ರೂಢಿಯಾಗುತ್ತದೆ.

ಹಂತ 7: ಪರೀಕ್ಷೆ

ಡ್ಯಾಶ್‌ಬೋರ್ಡಿನ ಮುಚ್ಚಳಗಳನ್ನು ಹಾಕುವ ಮೊದಲೇ ಬ್ಯಾಟರಿ ಜೋಡಿಸಿ ಎಂಜಿನ್ ಚಾಲೂ ಮಾಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಕಾರು ಬಯಲಿನಲ್ಲಿ ನಿಂತಿರಲಿ. ಮುಚ್ಚಿದ ಗ್ಯಾರೇಜಿನಲ್ಲಿ ಹೊಗೆ ಪ್ರಾಣಕ್ಕೆ ಕುತ್ತು. ಐಡ್ಲಿಂಗ್, 2,000 ಹಾಗೂ 3,000ದಲ್ಲಿ ಮೀಟರ್ ತೋರಿಸುವುದನ್ನು ಹಂತ 1ರಲ್ಲಿ ಹೇಳಿದ ಹರ್ಟ್ಸ್ ಲೆಕ್ಕದೊಡನೆ ಅಥವಾ ಒಬಿಡಿ ಉಪಕರಣದೊಡನೆ ಹೋಲಿಸಿ.

ಮುಳ್ಳು ಸ್ವಲ್ಪವೂ ಅಲುಗದಿದ್ದರೆ ಸಿಗ್ನಲ್ ವೈರನ್ನು ನೋಡಿ. ಅರ್ಧ, ಕಾಲು, ಇಮ್ಮಡಿ ಎಂದು ನಿಯತವಾದ ಪಾಲಿನಲ್ಲಿ ತಪ್ಪು ತೋರಿಸಿದರೆ ಸ್ವಿಚ್ಚಿನ ಅಥವಾ ಸಿಗ್ನಲ್ ಆಯ್ಕೆಯ ತಪ್ಪು. ಕೆಳಗೆ ಸರಿಯಿದ್ದು ವೇಗ ಏರಿದಾಗ ಕುಣಿದರೆ ಅರ್ಥ್ ಅಥವಾ ಪ್ಲಗ್ ಕೇಬಲ್‌ಗಳ ಸಾಮೀಪ್ಯ. ಅರ್ಥ್ ಸರಿಯಿದ್ದೂ ಕುಣಿತ ನಿಲ್ಲದಿದ್ದರೆ ಮೀಟರ್ ತಯಾರಕರೇ ಕೊಡುವ, ಸಿಗ್ನಲಿನ ಬೇಡದ ಮಿಡಿತಗಳನ್ನು ಸೋಸುವ ಟ್ಯಾಕ್ ಫಿಲ್ಟರ್ ಹಾಕಿ. ಮೀಟರ್ ಜೋಡಿಸಿದ ಮೇಲೆ ಎಂಜಿನ್ನೇ ಚಾಲೂ ಆಗದಿದ್ದರೆ ಸಿಗ್ನಲ್ ವೈರನ್ನು ಕಾಯಿಲಿನಿಂದ ಬಿಡಿಸಿ ನೋಡಿ. ಆಗ ಚಾಲೂ ಆದರೆ ಆ ವೈರು ಎಲ್ಲೋ ಬಾಡಿಗೆ ತಗುಲಿದೆ, ಅಥವಾ ಮೀಟರಿನೊಳಗೇ ಶಾರ್ಟ್ ಇದೆ.

ಶಿಫ್ಟ್ ಲೈಟ್, ಅಂದರೆ ಗೇರ್ ಬದಲಿಸುವ ಸಮಯವನ್ನು ತಿಳಿಸುವ ದೀಪ, ಇದ್ದರೆ ಅದನ್ನು ರೆಡ್‌ಲೈನಿಗಿಂತ ಕೆಲವು ನೂರು ಆರ್‌ಪಿಎಂ ಕೆಳಗೆ ಹೊಂದಿಸಿ. ದೀಪ ಕಂಡು, ಕಾಲು ಕ್ಲಚ್ಚಿಗೆ ಹೋಗುವಷ್ಟರಲ್ಲಿ ಎಂಜಿನ್ ಇನ್ನಷ್ಟು ಏರಿರುತ್ತದೆ. ಮೊದಲ ಗೇರಿನಲ್ಲಿ ಈ ಏರಿಕೆ ಎಲ್ಲಕ್ಕಿಂತ ವೇಗವಾಗಿರುವುದರಿಂದ ಆ ಗೇರಿಗೆ ಸರಿಹೋಗುವ ಅಂಕಿಯನ್ನೇ ಇಡಿ.

ಮುಚ್ಚಳಗಳನ್ನು ಹಾಕಿ, ಒಂದು ವಾರ ಓಡಿಸಿದ ಮೇಲೆ ಬ್ರಾಕೆಟ್ಟಿನ ನಟ್ಟುಗಳನ್ನೂ ಅರ್ಥ್ ಬೋಲ್ಟನ್ನೂ ಇನ್ನೊಮ್ಮೆ ಮುಟ್ಟಿ ನೋಡಿ. ಗ್ರೋಮೆಟ್ ತನ್ನ ಜಾಗದಿಂದ ಹೊರಬಂದಿಲ್ಲವೇ ಎಂದು ಟಾರ್ಚ್ ಹಿಡಿದು ಪರೀಕ್ಷಿಸಿ. ಯಾವ ವೈರನ್ನು ಎಲ್ಲಿಂದ ತೆಗೆದುಕೊಂಡಿರಿ, ಫ್ಯೂಸ್ ಎಲ್ಲಿದೆ, ಎಷ್ಟು ಆಂಪಿಯರಿನದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿಡಿ.